ಸರಕಾರದ ಸಾಕುಮಕ್ಕಳು

ರಶಿಯಾ ದೇಶದಲ್ಲಿ 2022ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಒಂದು ಹೊಸ ಕಾಯಿದೆಗೆ ರಾಷ್ಟ್ರಾಧ್ಯಕ್ಷರ ಸಹಿ ಬಿದ್ದಿತು. ಯುಕ್ರೇನಿನೊಳಕ್ಕೆ ಅವರ ಸೈನ್ಯವು ನುಗ್ಗಿ ಆಗ ಐದು ತಿಂಗಳೂ ತುಂಬಿರಲಿಲ್ಲ. ಆರು ವರ್ಷದ ಮಗುವಿನಿಂದ ಹಿಡಿದು ಕಾಲೇಜಿನ ವಿದ್ಯಾರ್ಥಿಯ ವರೆಗೆ ಆ ವಿಶಾಲ ದೇಶದ ಮಕ್ಕಳನ್ನೂ ತರುಣರನ್ನೂ ಒಂದೇ ಸಂಘದ ಸೂರಿನ ಕೆಳಗೆ ತರುವದು ಈ ಕಾಯಿದೆಯ ಉದ್ದೇಶ. ಆ ವರ್ಷದ ಡಿಸೆಂಬರದಲ್ಲಿ ಸಂಘಕ್ಕೆ ನಾಮಕರಣವೂ ಆಯಿತು. ನಮ್ಮ ಭಾಷೆಯಲ್ಲಿ ಹೇಳುವದಾದರೆ ‘ಮೊದಲಿಗರ ಚಳುವಳಿ’. ಅದರ ಮೇಲ್ವಿಚಾರಣಾ ಮಂಡಲಿಯ ಮುಖ್ಯಸ್ಥರು ಯಾರೋ ನಿವೃತ್ತ ಉಪಾಧ್ಯಾಯರಲ್ಲ, ಮಕ್ಕಳ ವೈದ್ಯರೂ ಅಲ್ಲ. ಸಾಕ್ಷಾತ್ ರಾಷ್ಟ್ರಾಧ್ಯಕ್ಷರಾದ ವ್ಲಾದಿಮಿರ ಪುತಿನರು.

ಸದಸ್ಯತ್ವವು ಐಚ್ಛಿಕವೆಂದು ಕಾಯಿದೆಯಲ್ಲಿ ಬರೆದಿದೆ. ನಮ್ಮ ವಾಚಕರಲ್ಲಿ ಅನೇಕರು ಸರಕಾರಿ ಕಚೇರಿಗಳಲ್ಲಿ ತಲೆ ನರೆಸಿಕೊಂಡವರು. ‘ಐಚ್ಛಿಕ’ ಎಂಬ ಶಬ್ದವು ಮೇಲಿನಿಂದ ಸುತ್ತೋಲೆಯ ರೂಪದಲ್ಲಿ ಇಳಿದು ಬಂದಾಗ ಅದಕ್ಕೆ ಯಾವ ಅರ್ಥವಾಗುತ್ತದೆಂಬದನ್ನು ಅವರಿಗೆ ನಾವು ಹೇಳಿಕೊಡಬೇಕಾದ್ದಿಲ್ಲ. ಬ್ರಿಟಿಶರ ಕಾಲದ ಯುದ್ಧನಿಧಿಯೂ ಐಚ್ಛಿಕವೇ ಆಗಿತ್ತು. ಮಾಮಲೇದಾರರು ಪಟ್ಟಿ ಹಿಡಿದುಕೊಂಡು ಬಾಗಿಲಿಗೆ ಬಂದಾಗ ಕೊಡದೆ ಕಳುಹಿಸಿದ ಸಾವುಕಾರರು ಎಷ್ಟು ಮಂದಿ?

ರಶಿಯಾದ ಮೇಲೆ ನಮಗೆ ವೈರವಿಲ್ಲ. ಆ ದೇಶದ ಈ ಒಂದು ಕೃತಿಯು ಬಹು ಹಳೆಯದಾದ ಒಂದು ಪ್ರಶ್ನೆಯನ್ನು ಮತ್ತೆ ಎತ್ತಿದೆ. ಅದರ ಸಲುವಾಗಿಯೇ ನಾವು ಲೇಖನಿಯನ್ನು ಹಿಡಿದಿದ್ದೇವೆ. ತರುಣರು ರಾಜಕಾರಣದಲ್ಲಿ ಬೀಳಬೇಕೆ, ಬೀಳಬಾರದೆ ಎಂಬ ಚರ್ಚೆಯನ್ನು ನಮ್ಮ ದೇಶವು ಸ್ವಾತಂತ್ರ್ಯದ ಹೋರಾಟದಲ್ಲಿಯೇ ಮಾಡಿ ಮುಗಿಸಿತು. ಶಾಲೆ ಬಿಟ್ಟು ಸೆರೆಮನೆಗೆ ನಡೆದ ಹುಡುಗರು ಅದಕ್ಕೆ ಉತ್ತರ ಕೊಟ್ಟರು. ಈಗಿನ ಪ್ರಶ್ನೆಯು ಬೇರೆ. ರಾಜ್ಯವಾಳುವವರೇ ತಮ್ಮ ಬೊಕ್ಕಸದ ಹಣದಿಂದ, ತಮ್ಮ ಅಧಿಕಾರಿಗಳ ಕೈಯಿಂದ, ತಮ್ಮ ರಾಜಕಾರಣಕ್ಕೆ ಬೇಕಾದ ತರುಣರ ದಂಡನ್ನು ಕಟ್ಟಬಹುದೆ? ಕಟ್ಟಿದರೆ ಆ ದಂಡು ಏನಾಗುತ್ತದೆ? ಕಟ್ಟಿದವರು ಏನಾಗುತ್ತಾರೆ? ಇದಕ್ಕೆ ಉತ್ತರವನ್ನು ಊಹಿಸಿ ಹೇಳಬೇಕಾಗಿಲ್ಲ. ಕಳೆದ ನೂರು ವರ್ಷಗಳ ಚರಿತ್ರೆಯು ಅದನ್ನು ದಪ್ಪ ಅಕ್ಷರಗಳಲ್ಲಿ ಬರೆದಿಟ್ಟಿದೆ.

ರಶಿಯಾದಿಂದಲೇ ಪ್ರಾರಂಭಿಸುವೆವು. 1918ನೆಯ ಇಸವಿಯ ಅಕ್ಟೋಬರದಲ್ಲಿ ಕ್ರಾಂತಿಯ ಬೆಂಕಿಯು ಇನ್ನೂ ಉರಿಯುತ್ತಿರುವಾಗಲೇ ಕೊಮ್ಸೊಮೊಲ್ ಎಂಬ ಕಮ್ಯುನಿಸ್ಟ ತರುಣ ಸಂಘವು ಹುಟ್ಟಿತು. ಮೊದಲು ಅದರಲ್ಲಿ ಸೇರಿದವರು ನಿಜವಾಗಿಯೂ ಧ್ಯೇಯವಾದಿಗಳು. ಅಂತರ್ಯುದ್ಧದಲ್ಲಿ ಪ್ರಾಣ ಕೊಟ್ಟರು, ಹಳ್ಳಿಗಳಲ್ಲಿ ಅಕ್ಷರ ಕಲಿಸಿದರು. 1932ರಲ್ಲಿ ಅಮೂರ ನದಿಯ ದಂಡೆಯ ಕಾಡಿನಲ್ಲಿ ಅವರ ಹೆಸರಿನಿಂದಲೇ ಒಂದು ಪಟ್ಟಣವನ್ನು ಕಟ್ಟಲು ಹೊರಟರು. ಇದನ್ನು ಅಲ್ಲಗಳೆಯುವದು ನ್ಯಾಯವಲ್ಲ. ಆದರೆ ಅದೇ ವರ್ಷ ಗೆರಾಸಿಮೊವ್ಕಾ ಎಂಬ ಹಳ್ಳಿಯಲ್ಲಿ ಪಾವ್ಲಿಕ ಮೊರೊಜೊವ ಎಂಬ ಬಾಲಕನ ಕೊಲೆಯಾಯಿತು. ತನ್ನ ತಂದೆಯ ಮೇಲೆ ತಾನೇ ಸರಕಾರಕ್ಕೆ ದೂರು ಕೊಟ್ಟ ವೀರಬಾಲಕನೆಂದು ಅವನನ್ನು ಹೊಗಳಿ ದೇಶದ ಮಕ್ಕಳೆಲ್ಲರ ಮುಂದೆ ಆದರ್ಶವಾಗಿ ನಿಲ್ಲಿಸಲಾಯಿತು. ಆ ಕಥೆಯಲ್ಲಿ ಸತ್ಯವೆಷ್ಟು, ಕಟ್ಟಿದ್ದೆಷ್ಟು ಎಂದು ಮುಂದೆ ಸಂಶೋಧಕರು ಬಲವಾದ ಸಂಶಯ ತಳೆದರು. ಸತ್ಯವಿರಲಿ, ಸುಳ್ಳಿರಲಿ, ತಂದೆಯನ್ನು ಹಿಡಿದುಕೊಟ್ಟ ಮಗನ ಮೂರ್ತಿಯನ್ನು ಶಾಲೆಯ ಅಂಗಳದಲ್ಲಿ ನಿಲ್ಲಿಸಿದ ರಾಜ್ಯವು ಮಕ್ಕಳಿಂದ ಏನನ್ನು ಬಯಸುತ್ತಿತ್ತೆಂಬದು ಅಷ್ಟರಿಂದಲೇ ತಿಳಿಯುತ್ತದೆ.

ಕಾಲ ಕಳೆದಂತೆ ಧ್ಯೇಯವು ಇಂಗಿ ಏಣಿಯು ಉಳಿಯಿತು. ಕಾಲೇಜಿಗೆ ಸೇರಬೇಕಾದರೆ ಸದಸ್ಯತ್ವದ ಚೀಟಿ ಬೇಕು. ಒಳ್ಳೆಯ ನೌಕರಿಗೆ ಹೋಗಬೇಕಾದರೆ ಬೇಕು. ಪಕ್ಷದಲ್ಲಿ ಮೇಲೇರಬೇಕಾದರಂತೂ ಬೇಕೇ ಬೇಕು. ಮಿಖಾಯಿಲ ಗೋರ್ಬಚೋವರು ಸ್ಟಾವ್ರೊಪೋಲ ಪ್ರಾಂತದ ಕೊಮ್ಸೊಮೊಲ್ ಮುಖ್ಯಸ್ಥರಾಗಿದ್ದವರೇ. 1980ರ ದಶಕದಲ್ಲಿ ಸದಸ್ಯರ ಸಂಖ್ಯೆಯು 4 ಕೋಟಿಯ ಸಮೀಪಕ್ಕೆ ಬಂದಿತು. 1987ರ ಸುಮಾರಿಗೆ ಈ ಸಂಘದ ‘ವಿಜ್ಞಾನ ಕೇಂದ್ರ’ಗಳಿಗೆ ವ್ಯಾಪಾರ ಮಾಡುವ ಅಪ್ಪಣೆಯು ದೊರೆತಾಗ, ಬಂಡವಾಳಶಾಹಿಯನ್ನು ಹೂಳಲು ಹುಟ್ಟಿದ ಸಂಘದ ಮುಂದಾಳುಗಳೇ ಬಂಡವಾಳಗಾರರಾದರು. ಮುಂದೆ ರಶಿಯಾದ ಅತ್ಯಂತ ಶ್ರೀಮಂತನೆನಿಸಿದ ಮಿಖಾಯಿಲ ಖೊಡೊರ್ಕೊವ್ಸ್ಕಿಯ ಮೊದಲ ದುಡ್ಡು ಹುಟ್ಟಿದ್ದು ಅಂತಹ ಒಂದು ಕೇಂದ್ರದಲ್ಲಿ. 1991ರ ಸೆಪ್ಟೆಂಬರದಲ್ಲಿ ಸಂಘವು ತಾನಾಗಿಯೇ ಅಧಿವೇಶನ ಕರೆದು ಬಾಗಿಲು ಹಾಕಿಕೊಂಡಿತು. ಡಿಸೆಂಬರದಲ್ಲಿ ಸೋವಿಯೆತ ರಾಜ್ಯವೇ ಕಣ್ಣು ಮುಚ್ಚಿತು. ಎಪ್ಪತ್ತು ವರ್ಷ ಉಂಡು ಬೆಳೆದ ಆ ತರುಣರ ಸಾಗರದಿಂದ ತನ್ನನ್ನು ಸಾಕಿದ ರಾಜ್ಯವನ್ನು ಉಳಿಸಲೆಂದು ಯಾವ ತೆರೆಯೂ ಏಳಲಿಲ್ಲ.

ಇಷ್ಟು ದೊಡ್ಡ ಪಾಠವನ್ನು ಕಲಿತ ದೇಶವು ಮತ್ತೆ ಅದೇ ಹಾದಿಯನ್ನು ಹಿಡಿದದ್ದು ಏಕೆ? ಭಯದಿಂದ. 2000ದಲ್ಲಿ ಸರ್ಬಿಯಾದಲ್ಲಿ, 2003ರಲ್ಲಿ ಜಾರ್ಜಿಯಾದಲ್ಲಿ, 2004ರ ಕೊನೆಗೆ ಯುಕ್ರೇನಿನಲ್ಲಿ ತರುಣರು ಬೀದಿಗಿಳಿದು ಸರಕಾರಗಳನ್ನು ಉರುಳಿಸಿದರು. ಆ ಚಳುವಳಿಗಳಲ್ಲಿ ಕೆಲವಕ್ಕೆ ಅಮೇರಿಕೆಯ ಹಣದ ಸಹಾಯವಿದ್ದುದು ಸುಳ್ಳಲ್ಲ. ಸರ್ಬಿಯಾದ ‘ಓಟ್ಪೋರ್’ ಸಂಘಕ್ಕೆ ಅದು ದೊರೆತಿತ್ತು. ಒಬ್ಬ ದೊರೆಯ ಹಣವನ್ನು ಖಂಡಿಸಿ ಇನ್ನೊಬ್ಬ ದೊರೆಯ ಹಣದ ವಿಷಯದಲ್ಲಿ ಕಣ್ಣು ಮುಚ್ಚುವದು ನಮ್ಮ ಪದ್ಧತಿಯಲ್ಲ. ಆದರೆ ಹಣದಿಂದಲೇ ಲಕ್ಷ ಜನ ಚಳಿಯಲ್ಲಿ ಹಗಲಿರುಳು ನಿಲ್ಲುತ್ತಾರೆಂದು ನಂಬಿದ ಮಾಸ್ಕೋದ ಮುತ್ಸದ್ದಿಗಳು ತಾವೂ ಹಣ ಸುರಿದು ಅಂತಹದೇ ಜನವನ್ನು ನಿಲ್ಲಿಸಬಹುದೆಂದು ಭಾವಿಸಿದರು. 2005ರ ಏಪ್ರಿಲದಲ್ಲಿ ‘ನಾಶಿ’ ಎಂಬ ಸಂಘವು ಹುಟ್ಟಿತು. ರಶಿಯನ್ ಭಾಷೆಯಲ್ಲಿ ಆ ಶಬ್ದಕ್ಕೆ ‘ನಮ್ಮವರು’ ಎಂದರ್ಥ. ಕನ್ನಡದ ಕಿವಿಗೆ ಅದು ಬೇರೆಯಾಗಿ ಕೇಳಿಸಿದರೆ ತಪ್ಪು ನಮ್ಮದಲ್ಲ.

ಇದರ ಸೂತ್ರವು ರಾಷ್ಟ್ರಾಧ್ಯಕ್ಷರ ಕಚೇರಿಯಲ್ಲಿದ್ದ ವ್ಲಾದಿಸ್ಲಾವ ಸುರ್ಕೊವರ ಕೈಯಲ್ಲಿದ್ದಿತು; ಮುಂದಾಳು ವಾಸಿಲಿ ಯಾಕೆಮೆಂಕೊ. ಈ ಯಾಕೆಮೆಂಕೊ 2000ದಲ್ಲಿಯೇ ‘ಒಟ್ಟಾಗಿ ನಡೆಯುವವರು’ ಎಂಬ ಇನ್ನೊಂದು ಸಂಘವನ್ನು ಕಟ್ಟಿದ್ದವನು. 2002ರಲ್ಲಿ ಆ ಸಂಘದ ಹುಡುಗರು ಕಾದಂಬರಿಕಾರ ವ್ಲಾದಿಮಿರ ಸೊರೊಕಿನನ ಪುಸ್ತಕಗಳನ್ನು ಮಾಸ್ಕೋದ ದೊಡ್ಡ ನಾಟಕಶಾಲೆಯ ಮುಂದೆ ಹರಿದು, ಅದಕ್ಕೆಂದೇ ಮಾಡಿಸಿ ತಂದಿದ್ದ ಶೌಚಪಾತ್ರೆಯೊಂದರಲ್ಲಿ ಚೆಲ್ಲಿದರು. ಹೊಸ ಸಂಘಕ್ಕೆ ಸೆಲಿಗೇರ ಸರೋವರದ ದಂಡೆಯ ಮೇಲೆ ವರ್ಷವರ್ಷವೂ ಶಿಬಿರ. ಡೇರೆ, ಕವಾಯತು, ಭಾಷಣ, ಮಂತ್ರಿಗಳ ದರ್ಶನ. ಸಂಘದ ಮೊದಲ ವರ್ಷವೇ ಅದರ ಕಾರ್ಯಕರ್ತರನ್ನು ಪುತಿನರು ತಮ್ಮ ನಿವಾಸಕ್ಕೆ ಕರೆಸಿಕೊಂಡರು. ಮುಂದೆ ಯಾಕೆಮೆಂಕೊನನ್ನು ಸರಕಾರದ ತರುಣ ವ್ಯವಹಾರಗಳ ಇಲಾಖೆಯ ಮುಖ್ಯಸ್ಥನನ್ನಾಗಿಯೇ ನೇಮಿಸಲಾಯಿತು. ಕೇಳುವವನೂ ಅವನೇ, ಕೊಡುವವನೂ ಅವನೇ ಎಂಬಂತಾಯಿತು.

ಇಷ್ಟು ಸಾಕಿದ ಬಳಿಕ ಕೆಲಸವೂ ಬೇಕಷ್ಟೆ. ಬ್ರಿಟಿಶ ರಾಯಭಾರಿ ಆಂಟನಿ ಬ್ರೆಂಟನರು 2006ರಲ್ಲಿ ವಿರೋಧ ಪಕ್ಷಗಳ ಒಂದು ಸಭೆಗೆ ಹೋದರೆಂದು ತಿಂಗಳುಗಟ್ಟಲೆ ಅವರ ಬೆನ್ನು ಹತ್ತಿ, ಹೋದಲ್ಲೆಲ್ಲ ಕೂಗಾಡಿ ಪೀಡಿಸಿದರು. 2007ರಲ್ಲಿ ಎಸ್ತೋನಿಯಾ ಸರಕಾರವು ತನ್ನ ರಾಜಧಾನಿಯಲ್ಲಿದ್ದ ಸೋವಿಯೆತ ಸೈನಿಕನ ಕಂಚಿನ ಪ್ರತಿಮೆಯನ್ನು ಸ್ಥಳಾಂತರಿಸಿದಾಗ ಮಾಸ್ಕೋದಲ್ಲಿಯ ಆ ದೇಶದ ರಾಯಭಾರ ಕಚೇರಿಗೆ ಮುತ್ತಿಗೆ ಹಾಕಿದರು. ಪರರಾಷ್ಟ್ರ ಮಂತ್ರಿಗಳು ಮಾಡಲಾರದ, ಮಾಡಿದರೆ ಹೊಣೆ ಹೊರಬೇಕಾದ ಕೆಲಸಗಳಿವು. ಹುಡುಗರ ಕೈಯಿಂದ ಮಾಡಿಸಿದರೆ ‘ಜನರ ಕೋಪ’ವೆಂದು ಹೇಳಿ ಕೈ ತೊಳೆದುಕೊಳ್ಳಬಹುದು. ಸರಕಾರಿ ತರುಣ ಸಂಘದ ಮುಖ್ಯ ಉಪಯೋಗವು ಇದೇ ಎಂಬದು ನಮ್ಮ ಸ್ಪಷ್ಟ ಅಭಿಪ್ರಾಯ. ಪೋಲೀಸರಿಗೆ ಕಾಯಿದೆಯುಂಟು, ಸೈನಿಕರಿಗೆ ಶಿಸ್ತುಂಟು, ಮಂತ್ರಿಗಳಿಗೆ ಶಾಸನಸಭೆಯಲ್ಲಿ ಪ್ರಶ್ನೆಗಳುಂಟು. ಈ ಹುಡುಗರಿಗೆ ಮಾತ್ರ ಯಾವದೂ ಇಲ್ಲ.

ಅವರನ್ನು ಯಾವ ಗಳಿಗೆಗೆಂದು ಸಾಕಿದ್ದರೋ ಆ ಗಳಿಗೆಯು 2011ರ ಡಿಸೆಂಬರದಲ್ಲಿ ಬಂದಿತು. ಚುನಾವಣೆಯಲ್ಲಿ ಮೋಸವಾಯಿತೆಂದು ಸಾವಿರಾರು ಜನ, ಅವರಲ್ಲಿ ಬಹುಮಂದಿ ಓದಿದ ತರುಣರು, ಯಾರ ಬಸ್ಸನ್ನೂ ಯಾರ ಭತ್ಯವನ್ನೂ ಕಾಯದೆ ಮಾಸ್ಕೋದ ಬೊಲೊತ್ನಾಯಾ ಚೌಕದಲ್ಲಿ ಕೂಡಿದರು. ಸರಕಾರದ ಪರವಾಗಿ ನಿಂತ ಹುಡುಗರು ಡೋಲು ಬಾರಿಸಿದರು. ಡೋಲಿನ ಸಪ್ಪಳಕ್ಕೆ ಆ ಸಭೆಗಳು ಚದರಲಿಲ್ಲ. ಮುಂದೆ ಚಳುವಳಿಯನ್ನು ಮುರಿದದ್ದು ಪೋಲೀಸರೂ ನ್ಯಾಯಾಲಯಗಳೂ, ‘ನಮ್ಮವರು’ ಅಲ್ಲ. ಎರಡು ವರ್ಷಗಳೊಳಗೆ ‘ನಾಶಿ’ಯು ಸದ್ದಿಲ್ಲದೆ ಮುಗಿದುಹೋಯಿತು. ಈಗ ಹುಟ್ಟಿರುವ ‘ಮೊದಲಿಗರು’ ಈ ವಂಶದಲ್ಲಿ ಮೊದಲಿಗರೇನೂ ಅಲ್ಲವೆಂಬದನ್ನು ವಾಚಕರು ಗಮನಿಸಬೇಕು.

ಇನ್ನು ಜರ್ಮನಿ. ಈ ವಿಷಯದಲ್ಲಿ ಜರ್ಮನಿಯ ಹೆಸರನ್ನು ತೆಗೆಯದವರಿಲ್ಲ. ಆದರೆ ಅಲ್ಲಿ ನಡೆದುದರ ಕ್ರಮವನ್ನು ಬಲ್ಲವರು ಕಡಿಮೆ. ಹಿಟ್ಲರ ತರುಣ ದಳವು 1926ರಲ್ಲಿ ಹುಟ್ಟಿದಾಗ ಅದು ಒಂದು ಪಕ್ಷದ ಬಾಲ ಮಾತ್ರ. 1932ರ ಕೊನೆಗೂ ಅದರಲ್ಲಿ ಸುಮಾರು 1 ಲಕ್ಷ ಹುಡುಗರಿದ್ದರು. ಹಿಟ್ಲರನು ಅಧಿಕಾರಕ್ಕೆ ಬಂದ ವರ್ಷವೇ, ಅಂದರೆ 1933ರ ಕೊನೆಯೊಳಗೆ, ಆ ಸಂಖ್ಯೆಯು 20 ಲಕ್ಷವನ್ನು ಮೀರಿತು. ಹನ್ನೆರಡು ತಿಂಗಳಲ್ಲಿ ಇಷ್ಟು ಹೃದಯಗಳು ಪರಿವರ್ತನವಾದವೆಂದು ಯಾರೂ ತಿಳಿಯಕೂಡದು. ಉಳಿದ ಸಂಘಗಳನ್ನು ಒಂದೊಂದಾಗಿ ನುಂಗಲಾಯಿತು. ಪ್ರೊಟೆಸ್ಟಂಟ ಸಂಘಗಳು ಆ ವರ್ಷದ ಡಿಸೆಂಬರದಲ್ಲಿಯೇ ನುಂಗಲ್ಪಟ್ಟವು, ಕ್ಯಾಥೋಲಿಕ ಸಂಘಗಳ ಕೊರಳನ್ನು ಮೆಲ್ಲಮೆಲ್ಲನೆ ಹಿಸುಕಲಾಯಿತು. 1936ರ ಡಿಸೆಂಬರ 1ರ ಕಾಯಿದೆಯು ಜರ್ಮನಿಯ ಸಮಸ್ತ ಬಾಲಕರೂ ಈ ದಳದಲ್ಲಿದ್ದಾರೆಂದು ಸಾರಿತು. 1939ರ ಮಾರ್ಚದಲ್ಲಿ ಮಕ್ಕಳನ್ನು ಕಳುಹಿಸದ ತಾಯಿತಂದೆಗಳಿಗೆ ಶಿಕ್ಷೆಯ ಕಲಮನ್ನು ಹಾಕಿದರು. ಸಹಾಯಧನ, ಸವಲತ್ತು, ಸುತ್ತೋಲೆ, ಕಾಯಿದೆ, ಶಿಕ್ಷೆ: ಮೆಟ್ಟಲುಗಳು ಹೀಗಿವೆ. ಮೊದಲನೆಯ ಮೆಟ್ಟಲು ಎಷ್ಟು ಸಭ್ಯವಾಗಿ ಕಾಣುತ್ತದೆಂಬದೇ ಇದರಲ್ಲಿಯ ಅಪಾಯ.

ಹತ್ತು ವರ್ಷದ ಬಾಲಕನಿಂದ ದೇಶದ ಹೆಸರಿನಲ್ಲಿ ಅಲ್ಲ, ಒಬ್ಬ ಮನುಷ್ಯನ ಹೆಸರಿನಲ್ಲಿ ಪ್ರಮಾಣ ಮಾಡಿಸಿದರು. 1943ರ ಫೆಬ್ರುವರಿಯಿಂದ ಶಾಲೆಯ ಹುಡುಗರನ್ನು ವಿಮಾನನಾಶಕ ತೋಪುಗಳ ಹತ್ತಿರ ನಿಲ್ಲಿಸಿದರು. ಆ ವರ್ಷವೇ ಕಟ್ಟಲಾದ ಒಂದು ಸೇನಾ ವಿಭಾಗವು ಹೆಚ್ಚಾಗಿ ಹದಿನೇಳು ಹದಿನೆಂಟರ ಹುಡುಗರಿಂದಲೇ ತುಂಬಿತ್ತು; 1944ರಲ್ಲಿ ನಾರ್ಮಂಡಿಯ ರಣರಂಗದಲ್ಲಿ ಅದು ತಾನೂ ಸುಟ್ಟಿತು, ಸೆರೆಸಿಕ್ಕವರನ್ನೂ ಕೊಂದಿತು. 1945ರ ಮಾರ್ಚದಲ್ಲಿ ಬರ್ಲಿನಿನ ತನ್ನ ಕಚೇರಿಯ ತೋಟದಲ್ಲಿ ನಿಂತು ಹಿಟ್ಲರನು ಬಾಲಕರಿಗೆ ಪದಕ ತೊಡಿಸಿ ಗಲ್ಲ ಸವರಿದನು. ಆ ಚಲಚ್ಚಿತ್ರವು ಇಂದಿಗೂ ಉಳಿದಿದೆ. ನೋಡಿದ ತಂದೆತಾಯಿಗಳಿಗೆ ನಿದ್ದೆ ಬರಲಾರದು.

ಆದರೂ ಆ ಯಂತ್ರವು ಎಲ್ಲರನ್ನೂ ಅರೆಯಲಾಗಲಿಲ್ಲ. ಹಾನ್ಸ ಶೋಲ್ ಎಂಬವನು ಆ ದಳದಲ್ಲಿ ನಾಯಕನಾಗಿದ್ದ ಹುಡುಗ. ಒಳಗಿನಿಂದ ಕಂಡದ್ದರಿಂದಲೇ ಅವನ ಕಣ್ಣು ತೆರೆಯಿತು. ಸರಕಾರದ ವಿರುದ್ಧ ಪತ್ರಕಗಳನ್ನು ಹಂಚಿದ ಅಪರಾಧಕ್ಕಾಗಿ 1943ರ ಫೆಬ್ರುವರಿ 22ರಂದು ಅವನನ್ನೂ, 21 ವರ್ಷದ ಅವನ ತಂಗಿ ಸೋಫಿಯನ್ನೂ ಮ್ಯೂನಿಕದಲ್ಲಿ ಶಿರಚ್ಛೇದ ಮಾಡಲಾಯಿತು. ಅದಕ್ಕೂ ಮೊದಲು, 1942ರ ಅಕ್ಟೋಬರದಲ್ಲಿ, ಹ್ಯಾಂಬರ್ಗದ ಹೆಲ್ಮುಟ ಹ್ಯೂಬೆನರ ಎಂಬ 17 ವರ್ಷದ ಹುಡುಗನು ಇದೇ ಗತಿಯನ್ನು ಹೊಂದಿದ್ದನು. ಪರದೇಶದ ರೇಡಿಯೋ ವಾರ್ತೆಯನ್ನು ಕೇಳಿ ಬರೆದು ಹಂಚಿದ್ದೇ ಅವನ ಅಪರಾಧ. ದಳದ ಮುಖ್ಯಸ್ಥನಾಗಿದ್ದ ಬಾಲ್ಡುರ ಫೋನ ಶಿರಾಖನಿಗೆ 1946ರಲ್ಲಿ ನ್ಯೂರೆಂಬರ್ಗದ ನ್ಯಾಯಾಲಯವು 20 ವರ್ಷಗಳ ಶಿಕ್ಷೆ ವಿಧಿಸಿತು. ಆದರೆ ಅದು ವಿಯೆನ್ನಾದ ಯಹೂದಿಗಳನ್ನು ಗಡೀಪಾರು ಮಾಡಿಸಿದ್ದಕ್ಕಾಗಿ. ಲಕ್ಷಾಂತರ ಎಳೆಯ ಮನಸ್ಸುಗಳನ್ನು ಕೆಡಿಸಿದ್ದಕ್ಕಾಗಿ ಅವನಿಗೆ ಒಂದು ದಿನದ ಶಿಕ್ಷೆಯೂ ಆಗಲಿಲ್ಲ. ಯಾವ ದೇಶದ ದಂಡಸಂಹಿತೆಯಲ್ಲಿಯೂ ಅಂತಹ ಕಲಮು ಇದ್ದಂತಿಲ್ಲ.

ಇಟಲಿಯ ಮಾತನ್ನು ಸ್ವಲ್ಪದರಲ್ಲಿ ಹೇಳುವೆವು. 1926ರಲ್ಲಿ ಮುಸೋಲಿನಿಯು ಕಟ್ಟಿದ ಬಾಲಕರ ಸಂಘಕ್ಕೆ ‘ಬಲಿಲ್ಲಾ’ ಎಂಬ ಹೆಸರಿಟ್ಟನು. ಬಲಿಲ್ಲಾ ಯಾರು? 1746ರಲ್ಲಿ ಜಿನೋವಾ ಪಟ್ಟಣವನ್ನು ಆಕ್ರಮಿಸಿದ್ದ ಆಸ್ಟ್ರಿಯದ ಸೈನಿಕರ ಮೇಲೆ ಕಲ್ಲು ಬೀರಿ ಜನರ ದಂಗೆಯನ್ನು ಪ್ರಾರಂಭಿಸಿದನೆಂದು ಹೇಳಲಾಗುವ ಪೋರ. ಅಧಿಕಾರದ ಮೇಲೆ ಕಲ್ಲೆಸೆದವನ ಹೆಸರನ್ನು ಅಧಿಕಾರಕ್ಕೆ ಕೈಯೆತ್ತಿ ವಂದಿಸುವ ಹುಡುಗರ ಎದೆಗೆ ಅಂಟಿಸಲಾಯಿತು! ದೇಶದ ವೀರರನ್ನು ಕದಿಯುವದು ಇಂತಹ ಸಂಘಗಳ ಸಾಮಾನ್ಯ ಚಾಳಿ.

ಪೂರ್ವ ಜರ್ಮನಿಯ ಕಥೆಯನ್ನು ಮಾತ್ರ ಬಿಡಲಾರೆವು. ಹಿಟ್ಲರನ ದಳವು ಬೂದಿಯಾದ ನೆಲದ ಮೇಲೆಯೇ 1946ರಲ್ಲಿ ಕಮ್ಯುನಿಸ್ಟರು ‘ಸ್ವತಂತ್ರ ಜರ್ಮನ್ ತರುಣರು’ ಎಂಬ ಸಂಘವನ್ನು ಕಟ್ಟಿದರು. ಅದರ ಮೊದಲ ಅಧ್ಯಕ್ಷರು ಎರಿಖ ಹೊನೆಕ್ಕರ. ಅದೇ ಏಣಿಯನ್ನೇರಿ ಅವರು ದೇಶದ ಸರ್ವಾಧಿಕಾರಿಯಾದರು. 1989ರ ಅಕ್ಟೋಬರ 6ರ ರಾತ್ರಿ, ರಾಜ್ಯದ ನಾಲ್ವತ್ತನೆಯ ವರ್ಧಂತಿಯ ಮುನ್ನಾದಿನ, ಸಂಘದ ಸುಮಾರು 1 ಲಕ್ಷ ತರುಣರು ಪಂಜುಗಳನ್ನು ಹಿಡಿದು ಬರ್ಲಿನಿನಲ್ಲಿ ಅವರ ಮುಂದೆ ಸಾಗಿದರು. ಪಕ್ಕದಲ್ಲಿ ಅತಿಥಿಯಾಗಿ ಗೋರ್ಬಚೋವರು ನಿಂತಿದ್ದರು. ನಂಬಿಗಸ್ತರೆಂದು ಆರಿಸಿ ತಂದ ತರುಣರು, ನೀಲಿ ಅಂಗಿಗಳು, ಕೈಯಲ್ಲಿ ಸರಕಾರಿ ಪಂಜುಗಳು. ಮುದುಕನ ಮುಂದೆ ಬಂದಾಗ ಅವರ ಬಾಯಿಂದ ಹೊರಟ ಕೂಗು ಮಾತ್ರ ‘ಗೋರ್ಬಿ! ಗೋರ್ಬಿ!’ ಎಂದು. ಹನ್ನೆರಡು ದಿನಗಳಲ್ಲಿ ಹೊನೆಕ್ಕರ ಅಧಿಕಾರ ಬಿಡಬೇಕಾಯಿತು. ಅವರ ಸ್ಥಾನಕ್ಕೆ ಬಂದ ಎಗೊನ ಕ್ರೆನ್ಸರೂ ಇದೇ ಸಂಘದ ಹಳೆಯ ಮುಖ್ಯಸ್ಥರು. ಅವರಿಂದಲೂ ರಾಜ್ಯವು ಉಳಿಯಲಿಲ್ಲ. ನವೆಂಬರ 9ರಂದು ಗೋಡೆಯು ತೆರೆಯಿತು.

ಇವೆಲ್ಲ ಬಿಳಿಯರ ದೇಶಗಳ ಮಾತಾಯಿತು, ಸ್ವಾತಂತ್ರ್ಯ ಪಡೆದ ಹೊಸ ರಾಷ್ಟ್ರಗಳಿಗೆ ಬೇರೆ ನ್ಯಾಯವುಂಟೆಂದು ಕೆಲವರು ಹೇಳಬಹುದು. ಆಫ್ರಿಕೆಯ ಮಲಾವಿ ದೇಶವನ್ನು ನೋಡಿರಿ. ಅಲ್ಲಿ 1963ರಲ್ಲಿ ಡಾಕ್ಟರ ಬಂಡಾ ಅವರು ‘ತರುಣ ಪಯೋನಿಯರ’ ದಳವನ್ನು ಕಟ್ಟಿದರು. ಹೇಳಿದ ಉದ್ದೇಶವು ಅತ್ಯುತ್ತಮ: ಹಳ್ಳಿಯ ಹುಡುಗರಿಗೆ ಹೊಸ ಬೇಸಾಯವನ್ನು ಕಲಿಸುವದು. ಕೆಲವು ವರ್ಷಗಳಲ್ಲಿ ಅವರ ಕೈಗೆ ಬಂದೂಕು ಬಂದಿತು. ದಳದವರನ್ನು ಪೋಲೀಸರು ತಾವಾಗಿ ಹಿಡಿಯಲಾಗದಂತೆ ಕಾಯಿದೆಯ ರಕ್ಷಣೆಯೂ ಬಂದಿತು. ಪಕ್ಷದ ಚೀಟಿ ಕೊಳ್ಳದ ಬಡವನು ಅವರನ್ನು ಕಂಡರೆ ನಡುಗುವಂತಾಯಿತು. ಬೇಲಿಯೇ ಎದ್ದು ಹೊಲ ಮೇಯುವದೆಂದರೆ ಇದು. ಕಡೆಗೆ 1993ರ ಡಿಸೆಂಬರದಲ್ಲಿ ದೇಶದ ಸೈನ್ಯವೇ ಈ ದಳದ ಮೇಲೆ ಏರಿಹೋಗಿ ಆಯುಧ ಕಿತ್ತುಕೊಳ್ಳಬೇಕಾಯಿತು. ಘಾನಾ ದೇಶದಲ್ಲಿ ಎನ್‌ಕ್ರುಮಾ ಅವರು 1960ರಲ್ಲಿ ಕಟ್ಟಿದ ಬಾಲಕರ ದಳವಾದರೋ 1966ರ ಫೆಬ್ರುವರಿಯ ಸೈನಿಕ ಕ್ರಾಂತಿಯಲ್ಲಿ ಒಂದೇ ಬೆಳಗಿಗೆ ಕರಗಿಹೋಯಿತು.

ಚೀನದಲ್ಲಿ ಮಾವೋ 1966ರಲ್ಲಿ ಶಾಲೆಯ ಹುಡುಗರನ್ನೇ ತನ್ನ ಪಕ್ಷದ ಹಿರಿಯರ ಮೇಲೂ ಗುರುಗಳ ಮೇಲೂ ಬಿಟ್ಟನು. ಆಗಸ್ಟ 5ರಂದು ಪೇಕಿಂಗಿನ ಬಾಲಿಕಾ ಶಾಲೆಯೊಂದರ ಉಪಮುಖ್ಯಾಧ್ಯಾಪಿಕೆಯಾದ ಬಿಯಾನ್ ಜೊಂಗ್‌ಯುನ್ ಎಂಬ ಹೆಂಗಸನ್ನು ಅವಳ ವಿದ್ಯಾರ್ಥಿನಿಯರೇ ಹೊಡೆದು ಕೊಂದರು. ಎರಡು ವರ್ಷಗಳಾದ ಮೇಲೆ, ಕೆಲಸ ಮುಗಿಯಿತೆಂದು ಅದೇ ಹುಡುಗರನ್ನು ಮೂಟೆ ಕಟ್ಟಿ ದೂರದ ಹಳ್ಳಿಗಳಿಗೆ ಅಟ್ಟಲಾಯಿತು. ಹೀಗೆ ಹಳ್ಳಿಗಟ್ಟಿದವರ ಒಟ್ಟು ಲೆಕ್ಕವು ಮುಂದಿನ ವರ್ಷಗಳನ್ನೂ ಕೂಡಿಸಿ ಸುಮಾರು 1 ಕೋಟಿ 70 ಲಕ್ಷ. ಓದುವ ವಯಸ್ಸು ಅವರಿಗೆ ಮರಳಿ ಬರಲಿಲ್ಲ.

ಹಾಗಾದರೆ ಸರಕಾರವು ತರುಣರಿಗಾಗಿ ಏನನ್ನೂ ಮಾಡಕೂಡದೆ? ಹೀಗೆ ಕೇಳುವವರಿಗೆ ನಮ್ಮ ದೇಶದ ರಾಷ್ಟ್ರೀಯ ಕೆಡೆಟ್ ದಳವನ್ನು ತೋರಿಸುವೆವು. ಪಂಡಿತ ಹೃದಯನಾಥ ಕುಂಜ್ರು ಅವರ ಸಮಿತಿಯ ಸೂಚನೆಯಂತೆ 1948ರ ಕಾಯಿದೆಯಿಂದ ಅದು ಹುಟ್ಟಿತು. ಆ ಕಾಯಿದೆಯಲ್ಲಿಯೇ ಕೆಡೆಟ್ ಹುಡುಗನು ಸೈನ್ಯದ ಸೇವೆಗೆ ಬದ್ಧನಲ್ಲವೆಂದು ಬರೆದಿಟ್ಟರು. ಯಾವ ಮಂತ್ರಿಯ ಹೆಸರೂ ಅದಕ್ಕಿಲ್ಲ, ಯಾವ ಪಕ್ಷದ ಬಾವುಟವೂ ಇಲ್ಲ. ಚೀನದ ಆಕ್ರಮಣದ ತರುವಾಯ 1963ರಲ್ಲಿ ಅದನ್ನು ಕಾಲೇಜುಗಳಲ್ಲಿ ಕಡ್ಡಾಯ ಮಾಡಿದ್ದು ಹೌದು. 1968ರಲ್ಲಿ ಕಡ್ಡಾಯವನ್ನು ತೆಗೆದುಹಾಕಿದ್ದೂ ಹೌದು. ಜರ್ಮನಿಯ ಮೆಟ್ಟಲುಗಳನ್ನು ಹತ್ತುವದಷ್ಟೇ ಅಲ್ಲ, ಇಳಿಯುವದೂ ಸಾಧ್ಯವೆಂಬದಕ್ಕೆ ನಮ್ಮ ದೇಶದಲ್ಲಿಯೇ ಇಂತಹ ಸಾಕ್ಷ್ಯವಿದೆ. ಮರುವರ್ಷ ರಾಷ್ಟ್ರೀಯ ಸೇವಾ ಯೋಜನೆಯು ಪ್ರಾರಂಭವಾಯಿತು. ಅದರ ಹುಡುಗರು ಹಳ್ಳಿಗಳಲ್ಲಿ ರಸ್ತೆ ಗಟಾರಗಳನ್ನು ಮಾಡಿದ್ದಾರೆ. ಅವರಿಂದ ಯಾವ ಪತ್ರಿಕೆಯ ಕಚೇರಿಗೂ ಮುತ್ತಿಗೆ ಹಾಕಿಸಿದವರಿಲ್ಲ.

ಆದರೆ ನಾವು ಸದಾ ಇಷ್ಟು ಜಾಗರೂಕರಾಗಿದ್ದೆವೆಂದು ಬೆನ್ನು ಚಪ್ಪರಿಸಿಕೊಳ್ಳುವಂತಿಲ್ಲ. 1975ರ ಜೂನದಲ್ಲಿ ತುರ್ತುಪರಿಸ್ಥಿತಿಯನ್ನು ಸಾರಿದ ಮೇಲೆ ಯುವಕ ಕಾಂಗ್ರೆಸ್ಸು ಏನಾಯಿತೆಂಬದನ್ನು ಹಿರಿಯ ವಾಚಕರು ಕಣ್ಣಾರೆ ಕಂಡಿದ್ದಾರೆ. ಅದು ಕಾಗದದ ಮೇಲೆ ಪಕ್ಷದ ಅಂಗ; ವ್ಯವಹಾರದಲ್ಲಿ ಸರಕಾರದ ಅಂಗ. ಸಂಜಯ ಗಾಂಧಿಯವರು ಯಾವ ಸರಕಾರಿ ಹುದ್ದೆಯನ್ನೂ ಹಿಡಿದಿರಲಿಲ್ಲ, ಆದರೂ ಅಧಿಕಾರಿಗಳು ಅವರ ಮುಂದೆ ಕೈಕಟ್ಟಿ ನಿಂತರು. ಗಿಡ ನೆಡುವದು, ಅಕ್ಷರ ಕಲಿಸುವದು, ವರದಕ್ಷಿಣೆಯನ್ನು ನಿಲ್ಲಿಸುವದು, ಕುಟುಂಬ ನಿಯಂತ್ರಣ. ಕಾರ್ಯಕ್ರಮದಲ್ಲಿ ಯಾವದು ಕೆಟ್ಟದ್ದು? ಕೈಯಲ್ಲಿ ಅಧಿಕಾರವಿದ್ದು ಕೇಳುವವರಿಲ್ಲದಾಗ ಒಳ್ಳೆಯ ಕಾರ್ಯಕ್ರಮವೂ ಬಡವನ ಮನೆಯ ಬಾಗಿಲಿಗೆ ಹೇಗೆ ಬಂದಿತೆಂಬದನ್ನು 1977ರ ಚುನಾವಣೆಯಲ್ಲಿ ಉತ್ತರ ಹಿಂದುಸ್ತಾನದ ಮತದಾರರು ಹೇಳಿದರು.

ಈ ಪ್ರಸಂಗದಲ್ಲಿ ಹುಬ್ಬಳ್ಳಿಯ ಡಾಕ್ಟರ ನಾ. ಸು. ಹರ್ಡೀಕರರ ಹೆಸರನ್ನು ನೆನೆಯುವದು ಕನ್ನಡಿಗರಾದ ನಮಗೆ ಸಹಜವೇ ಆಗಿದೆ. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಸ್ವಯಂಸೇವಕರು ಸೆರೆಮನೆಯಲ್ಲಿ ಕ್ಷಮೆ ಕೇಳದೆ ನಿಂತರು. ಆ ಶಿಸ್ತನ್ನು ಕಂಡು ಮೆಚ್ಚಿದ ಕಾಂಗ್ರೆಸ್ಸು ಅದೇ ವರ್ಷ ಕಾಕಿನಾಡದಲ್ಲಿ ಹಿಂದುಸ್ತಾನಿ ಸೇವಾದಲದ ಸ್ಥಾಪನೆಗೆ ಒಪ್ಪಿಗೆ ಕೊಟ್ಟಿತು. ಸಮವಸ್ತ್ರ ಅಲ್ಲಿಯೂ ಇತ್ತು, ಕವಾಯತು ಇತ್ತು, ಬಾವುಟವಿತ್ತು. ಹೊರಗಿನಿಂದ ನೋಡುವವನಿಗೆ ಎಲ್ಲ ತರುಣ ದಳಗಳೂ ಒಂದೇ. ಆದರೆ ಹರ್ಡೀಕರರ ದಳಕ್ಕೆ ಸೇರುವವನಿಗೆ ನೌಕರಿಯ ಆಸೆಯಿರಲಿಲ್ಲ, ಲಾಠಿಯ ಭರವಸೆಯಿತ್ತು. 1932ರಲ್ಲಿ ಸರಕಾರವು ಅದನ್ನು ಕಾಯಿದೆಬಾಹಿರವೆಂದು ಸಾರಿತು. ತಂದೆಯ ಮಾತನ್ನು ಮೀರಿ ಮನೆಬಿಟ್ಟು ಬಂದ ಹುಡುಗನು ಬೇಸರವಾದರೆ ಮರುದಿನವೇ ಮನೆಗೆ ಮರಳಬಹುದಾಗಿತ್ತು, ತಡೆಯುವವರಿರಲಿಲ್ಲ. ಸ್ವರಾಜ್ಯ ಬಂದು ಅದೇ ಪಕ್ಷವು ಗಾದಿಯೇರಿದ ತರುವಾಯ ಸೇವಾದಲಕ್ಕೆ ಹಿಂದಿನ ತೇಜಸ್ಸು ಉಳಿಯಲಿಲ್ಲ. ದಳದವರಲ್ಲಿ ದೋಷವಿತ್ತೆಂದಲ್ಲ. ಬಾಗಿಲ ಹೊರಗೆ ನಿಂತು ಕೂಗಿದವರನ್ನು ಒಳಗೆ ಕರೆದು ದ್ವಾರಪಾಲಕರನ್ನಾಗಿ ನಿಲ್ಲಿಸಿದರೆ ಕೂಗಲು ಬಾಯಿ ಎಲ್ಲಿಂದ ಬಂದೀತು?

ಹದಿನಾರು ತುಂಬಿದ ಮಗನನ್ನು ಮಿತ್ರನಂತೆ ಕಾಣಬೇಕೆಂದು ನಮ್ಮ ಹಿರಿಯರು ವಿಧಿಸಿದರು. ಮಿತ್ರನಾದವನು ಒಮ್ಮೊಮ್ಮೆ ಎದುರಾಡುತ್ತಾನೆ. ಎದುರಾಡುವ ಮಗನಿಂದ ಮನೆಗೆ ಅಪಾಯವಿಲ್ಲ. ತಿಂಗಳ ತಿಂಗಳ ಕೈಖರ್ಚಿನ ಆಸೆಗಾಗಿ ತಂದೆಯ ತಪ್ಪಿಗೂ ತಲೆದೂಗುವ ಮಗನು ಆಸ್ತಿ ಕರಗಿದ ದಿನ ಎಲ್ಲಿರುವನೆಂಬದನ್ನು ಯಾವ ಗೃಹಸ್ಥನೂ ಹೇಳಬಲ್ಲನು.

ಇಂದು ನಮ್ಮಲ್ಲಿ ಯಾವ ಸರಕಾರವೂ ‘ಬಲಿಲ್ಲಾ’ ಕಟ್ಟಲು ಹೊರಟಿದೆಯೆಂದು ನಾವು ಹೇಳುವದಿಲ್ಲ. ಆದರೆ ಕೇಂದ್ರ ಸರಕಾರವೂ ಎಲ್ಲ ಪ್ರಾಂತ ಸರಕಾರಗಳೂ, ಅವು ಯಾವ ಪಕ್ಷದವಾದರೂ ಸರಿ, ತರುಣರ ಹೆಸರಿನಲ್ಲಿ ಯೋಜನೆಗಳನ್ನು ತೆರೆಯುತ್ತಲೇ ಇವೆ. 1972ರಲ್ಲಿ ನೆಹರು ಯುವಕ ಕೇಂದ್ರಗಳು ತೆರೆದವು. 2023ರ ಅಕ್ಟೋಬರ 31ರಂದು ‘ಮೇರಾ ಯುವ ಭಾರತ’ ಎಂಬ ಸಂಸ್ಥೆಯು ತೆರೆಯಿತು. ಇವು ಕೆಲಸ ಮಾಡಲಿ, ನಮ್ಮ ಅಡ್ಡಿಯಿಲ್ಲ. ಜಿಲ್ಲೆಯ ಅಧಿಕಾರಿಗಳಲ್ಲಿ ನಮ್ಮ ವಿನಂತಿಯು ಇಷ್ಟೇ. ಗರಡಿಮನೆಗೆ ಹಣ ಕೊಡಿರಿ, ಗ್ರಂಥಾಲಯಕ್ಕೆ ಕೊಡಿರಿ, ಆಟದ ಬಯಲಿಗೆ ಕೊಡಿರಿ. ಆ ಹಣದಿಂದ ಮಂತ್ರಿಗಳ ಸ್ವಾಗತಕ್ಕೆ ಹುಡುಗರನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಬೇಡಿರಿ. ಅಂಗಿಯ ಮೇಲೆ ಬದುಕಿರುವ ಯಾವ ಮುಖಂಡರ ಚಿತ್ರವೂ ಬೇಡ. ಸಭೆಗೆ ಬಾರದ ವಿದ್ಯಾರ್ಥಿಯ ಹಾಜರಿಗೂ ವಿದ್ಯಾರ್ಥಿವೇತನಕ್ಕೂ ಗಂಟು ಹಾಕಬೇಡಿರಿ. ಯಾವ ಊರಿನ ಯಾವ ಯುವಕ ಮಂಡಲಕ್ಕೆ ಎಷ್ಟು ರೂಪಾಯಿ ಸಂದಿತು, ಅದರ ಪದಾಧಿಕಾರಿಗಳು ಯಾರು ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ಕಚೇರಿಯ ಫಲಕದ ಮೇಲೆ ಅಂಟಿಸಿರಿ. ಮಾಹಿತಿ ಹಕ್ಕಿನ ಕಾಯಿದೆಯು 2005ರಿಂದ ಜಾರಿಯಲ್ಲಿದೆ. ಸಹಾಯಧನದ ವಿವರಗಳನ್ನು ಸರಕಾರಿ ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕೆಂದು ಅದರ 4ನೆಯ ಕಲಮಿನಲ್ಲಿ ಹೇಳಿದೆ. ಯಾರಾದರೂ ಅರ್ಜಿ ಹಾಕುವ ವರೆಗೆ ಕಾಯಬೇಕಾದ್ದಿಲ್ಲ.